ನಾಲ್ಕು ಊರು, ಹಲವು ಮಾತು, ಒಂದೇ ತಂಡ

ಬೆಳಗಾವಿಯಿಂದ ಧಾರವಾಡದ ಕಡೆಗೆ ಹೆದ್ದಾರಿ ಹಿಡಿದರೆ ನಡುದಾರಿಯಲ್ಲಿ ಕಿತ್ತೂರು ಸಿಗುತ್ತದೆ. ಅಲ್ಲಿಂದ ಒಳದಾರಿಗೆ ಹೊರಳಿದರೆ ಬೈಲಹೊಂಗಲ, ಮುಂದೆ ಸವದತ್ತಿ, ಅದರಾಚೆ ರಾಮದುರ್ಗ. ದಾರಿಯುದ್ದಕ್ಕೂ ಕರಿಮಣ್ಣಿನ ಹೊಲಗಳು, ಜೋಳ, ಹತ್ತಿ, ಕಬ್ಬು. ಎಲ್ಲಕ್ಕೂ ತಾಯಿಯಾಗಿ ಮಲಪ್ರಭೆ. ಶಾಲಾ ಪ್ರವಾಸವೆಂದರೆ ದೂರದ ಊರೇ ಆಗಬೇಕೆಂಬ ಹಟ ಬಿಟ್ಟರೆ ಈ ನಾಲ್ಕು ಊರುಗಳು ಮಕ್ಕಳಿಗೆ ಪಠ್ಯಪುಸ್ತಕದಲ್ಲಿಲ್ಲದ ಒಂದು ಪಾಠ ಹೇಳಿಕೊಡುತ್ತವೆ. ಬೇರೆ ಬೇರೆ ಮನೆಮಾತಿನವರು ಕೂಡಿ ಕೆಲಸ ಮಾಡುವುದು ಹೇಗೆ ಎಂಬುದೇ ಆ ಪಾಠ.

ಈ ಪಾಠ ಬೆಳಗಾವಿ ಜಿಲ್ಲೆಗೆ ಬೇಕೇ ಬೇಕು. ಇಲ್ಲಿ ಕನ್ನಡ, ಮರಾಠಿ, ಉರ್ದು, ಇಂಗ್ಲಿಷ್ ಮಾಧ್ಯಮದ ಶಾಲೆಗಳಿವೆ. ಒಂದೇ ಓಣಿಯ ಮಕ್ಕಳು ಸಂಜೆ ಒಂದೇ ಬಯಲಿನಲ್ಲಿ ಆಡಿದರೂ ಬೆಳಿಗ್ಗೆ ಬೇರೆ ಬೇರೆ ಶಾಲೆಗೆ ಹೋಗುತ್ತಾರೆ. ಹತ್ತನೆಯ ತರಗತಿ ಮುಗಿಸಿ ಕಾಲೇಜಿಗೆ ಬಂದಾಗ ಎಲ್ಲರೂ ಒಂದೇ ಬೆಂಚಿನ ಮೇಲೆ. ಪ್ರಯೋಗಾಲಯದಲ್ಲಿ ಐದೈದು ಜನರ ಗುಂಪು ಮಾಡಿದರೆ ಆಗುವುದೇನು? ಇಂಗ್ಲಿಷ್ ಸರಾಗವಾಗಿ ಬಲ್ಲವನು ಮಾತಾಡುತ್ತಾನೆ, ಬರೆಯುತ್ತಾನೆ. ಉಳಿದವರಲ್ಲಿ ಒಬ್ಬಳು ಪರೀಕ್ಷಾ ನಳಿಕೆ ಹಿಡಿದು ಸುಮ್ಮನೆ ನಿಲ್ಲುತ್ತಾಳೆ, ಮತ್ತೊಬ್ಬ ಗುಂಪಿನಲ್ಲಿ ಗೋವಿಂದನಾಗುತ್ತಾನೆ. ಸುಮ್ಮನೆ ನಿಂತವಳಿಗೇ ಸರಿಯಾದ ಉತ್ತರ ಗೊತ್ತಿದ್ದರೆ? ಅದು ಅವಳಿಗಷ್ಟೇ ಅಲ್ಲ, ಇಡೀ ಗುಂಪಿಗೆ ನಷ್ಟ.

ಕಿತ್ತೂರಿನ ಧ್ರುವ ನಕ್ಷತ್ರ

ಕಿತ್ತೂರಿನ ಹೆಸರು ಕೇಳದ ಕನ್ನಡದ ಮಗುವಿಲ್ಲ. 1824ರ ಅಕ್ಟೋಬರ್ 23ರಂದು ರಾಣಿ ಚೆನ್ನಮ್ಮನ ಸೈನ್ಯ ಕಂಪನಿ ಸರಕಾರದ ಥ್ಯಾಕರೆಯನ್ನು ಎದುರಿಸಿ ಗೆದ್ದ ನೆಲ ಇದು. ಕೋಟೆಯೊಳಗಿನ ಅರಮನೆ ಇಂದು ಪಾಳುಗೋಡೆಗಳಾಗಿ ನಿಂತಿದೆ. ನೋಡಲು ಬಂದವರಿಗೆ ಧ್ರುವ ನಕ್ಷತ್ರ ವೀಕ್ಷಣೆಗೆಂದು ಬಿಟ್ಟದ್ದೆಂದು ಒಂದು ಕಿಂಡಿಯನ್ನು ತೋರಿಸುತ್ತಾರೆ. ಹೆಚ್ಚಿನವರು ಒಮ್ಮೆ ಇಣುಕಿ ಮುಂದೆ ಸಾಗುತ್ತಾರೆ. ವಿಜ್ಞಾನದ ವಿದ್ಯಾರ್ಥಿಗಳು ಹಾಗೆ ಸಾಗಬಾರದು.

ಧ್ರುವ ನಕ್ಷತ್ರ ಕ್ಷಿತಿಜದಿಂದ ಎಷ್ಟು ಡಿಗ್ರಿ ಮೇಲಿದೆಯೋ ಆ ಊರಿನ ಅಕ್ಷಾಂಶವೂ ಹೆಚ್ಚುಕಡಿಮೆ ಅಷ್ಟೇ. ಕಿತ್ತೂರಿನ ಅಕ್ಷಾಂಶ ಸುಮಾರು 15.6 ಡಿಗ್ರಿ. ಇದನ್ನು ಅಳೆಯಲು ಕಂಪಾಸ್ ಪೆಟ್ಟಿಗೆಯ ಕೋನಮಾಪಕ, ಒಂದು ದಾರ, ಒಂದು ಸಣ್ಣ ಕಲ್ಲು ಇದ್ದರೆ ಸಾಕು. ಉತ್ತರಕ್ಕೆ ಮರ, ಕಟ್ಟಡಗಳ ಅಡ್ಡಿಯಿಲ್ಲದ ಬಯಲಿನಲ್ಲಿ ರಾತ್ರಿ ನಿಂತು ಒಬ್ಬರು ಕೋನಮಾಪಕದ ನೇರ ಅಂಚಿನ ಮೇಲೆ ಕಣ್ಣಿಟ್ಟು ನಕ್ಷತ್ರಕ್ಕೆ ಗುರಿ ಹಿಡಿಯಬೇಕು. ನಡುವಿನಿಂದ ಇಳಿಬಿಟ್ಟ ದಾರ ಎಲ್ಲಿ ನಿಂತಿತೆಂದು ಇನ್ನೊಬ್ಬರು ಓದಬೇಕು. ಮೂರನೆಯವರು ಬರೆದುಕೊಳ್ಳಬೇಕು. ದಾರ 74ರ ಹತ್ತಿರ ನಿಂತರೆ ಅದನ್ನು 90ರಿಂದ ಕಳೆಯಬೇಕು, ಆಗ 16 ಬರುತ್ತದೆ. ಓದಿದವಳು '74' ಎಂದಳು, ಬರೆದವನು ಅದನ್ನೇ ನಕ್ಷತ್ರದ ಎತ್ತರವೆಂದು ತಿಳಿದ ಎನ್ನಿ. ಕಿತ್ತೂರು ಒಮ್ಮೆಲೇ ಉತ್ತರ ಧ್ರುವದ ಬಳಿಗೆ ಹೋಗಿಬಿಡುತ್ತದೆ! ಇಬ್ಬರ ಗಣಿತವೂ ಕೆಟ್ಟಿಲ್ಲ, ನಡುವಿನ ಮಾತು ಕೆಟ್ಟಿದೆ. ಕೇಳಿದ್ದನ್ನು ಬರೆಯುವ ಮೊದಲು ತನ್ನ ಮಾತಿನಲ್ಲಿ ಒಮ್ಮೆ ತಿರುಗಿ ಹೇಳಿದರೆ ಇಂಥ ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಕಿತ್ತೂರಿನಲ್ಲಿ 1969ರಿಂದ ಹೆಣ್ಣುಮಕ್ಕಳ ವಸತಿ ಸೈನಿಕ ಶಾಲೆಯೂ ನಡೆದಿದೆ. ಬೇರೆ ಬೇರೆ ಜಿಲ್ಲೆಗಳಿಂದ ಬಂದ ಹುಡುಗಿಯರು ಒಂದೇ ವಸತಿಯಲ್ಲಿದ್ದು ಓದುತ್ತಾರೆ. ಕನ್ನಡ ಎಂದರೂ ಅದು ಒಂದೇ ಕನ್ನಡವಲ್ಲವಷ್ಟೆ. 'ನಿಂದ್ರು' ಎಂದರೆ ಮೈಸೂರಿನ ಹುಡುಗಿ ಅರೆಗಳಿಗೆ ಯೋಚಿಸುತ್ತಾಳೆ, 'ನಿಂತ್ಕೋ' ಎಂದರೆ ಬೆಳಗಾವಿಯವಳು ನಗುತ್ತಾಳೆ. ನಗು ಅಪಹಾಸ್ಯವಾಗದಿದ್ದರೆ ಗೆಳೆತನ ಬೆಳೆಯುತ್ತದೆ.

ಬೈಲಹೊಂಗಲದ ಸಮಾಧಿ

ಕಿತ್ತೂರಿನಲ್ಲಿ ಗೆಲುವು, ಬೈಲಹೊಂಗಲದಲ್ಲಿ ಮೌನ. 1824ರ ಡಿಸೆಂಬರಿನಲ್ಲಿ ಕಿತ್ತೂರು ಬಿದ್ದ ಮೇಲೆ ಚೆನ್ನಮ್ಮನನ್ನು ಬೈಲಹೊಂಗಲದಲ್ಲಿ ಸೆರೆಯಿಟ್ಟರು. 1829ರ ಫೆಬ್ರುವರಿ 2ರಂದು ಅಲ್ಲಿಯೇ ಆಕೆ ಕಣ್ಣುಮುಚ್ಚಿದಳು. ಆಕೆಯ ಸಮಾಧಿ ಊರಿನಲ್ಲಿದೆ. ಇದೇ ತಾಲೂಕಿನ ಸಂಗೊಳ್ಳಿಯ ರಾಯಣ್ಣ ಹೋರಾಟ ಮುಂದುವರಿಸಿದ. 1831ರ ಜನವರಿ 26ರಂದು ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಿದರು.

ಆ ಹೋರಾಟವನ್ನು ನೆನೆಯುವಾಗ ಜನ ಅಮಟೂರು ಬಾಳಪ್ಪನನ್ನು ನೆನೆಯುತ್ತಾರೆ. ರಾಯಣ್ಣನ ಒಡನಾಡಿ ಗಜವೀರನನ್ನೂ ನೆನೆಯುತ್ತಾರೆ. ಗಜವೀರ ಆಫ್ರಿಕಾ ಮೂಲದ ಸಿದ್ದಿ ಸಮುದಾಯದವನು. ಜಾತಿ ಬೇರೆ, ಮೂಲ ಬೇರೆ, ಕೆಲಸ ಒಂದೇ. ತಂಡವೆಂದರೆ ಒಂದೇ ಬಗೆಯವರ ಗುಂಪು ಎಂದು ತಿಳಿದ ಮಕ್ಕಳಿಗೆ ಈ ಹೆಸರುಗಳನ್ನು ಸಮಾಧಿಯ ಮುಂದೆ ನಿಂತು ಹೇಳಬೇಕು.

ಸವದತ್ತಿಯ ನೀರು, ಜಾತ್ರೆ

ಸವದತ್ತಿಯ ಹಳೆಯ ಹೆಸರು ಸುಗಂಧವರ್ತಿ. ರಟ್ಟರು ವೇಣುಗ್ರಾಮಕ್ಕೆ, ಅಂದರೆ ಇಂದಿನ ಬೆಳಗಾವಿಗೆ ಹೋಗುವ ಮೊದಲು ಇದೇ ಅವರ ರಾಜಧಾನಿಯಾಗಿತ್ತು. ಎಲ್ಲಮ್ಮನ ಗುಡ್ಡಕ್ಕೆ ಕರ್ನಾಟಕದಿಂದಷ್ಟೇ ಅಲ್ಲ, ಮಹಾರಾಷ್ಟ್ರ, ಗೋವಾ, ಆಂಧ್ರಗಳಿಂದಲೂ ಭಕ್ತರು ಬರುತ್ತಾರೆ. 'ಉಧೋ ಉಧೋ' ಎಂಬ ಕೂಗಿಗೆ ಅನುವಾದ ಬೇಕಿಲ್ಲ. ಭಂಡಾರ, ಕಾಯಿ, ಬಳೆ ಮಾರುವವರು ಗಿರಾಕಿಯ ಮುಖ ನೋಡಿ ಮಾತು ಬದಲಿಸುವುದನ್ನು ಮಕ್ಕಳು ಗಮನಿಸಬೇಕು. ವ್ಯಾಕರಣ ತಪ್ಪಿದರೂ ವ್ಯವಹಾರ ತಪ್ಪುವುದಿಲ್ಲ.

ಆದರೆ ಒಂದೇ ತೆರನಾಗಿ ಕೇಳಿಸುವ ಶಬ್ದಗಳ ಬಗೆಗೆ ಎಚ್ಚರ ಬೇಕು. ಕನ್ನಡದ 'ಶಿಕ್ಷೆ' ದಂಡನೆ, ಹಿಂದಿಯ 'ಶಿಕ್ಷಾ' ವಿದ್ಯೆ. ನಮ್ಮ 'ಅವಕಾಶ' ಹಿಂದಿಗೆ ಹೋದರೆ ರಜೆ! ಹಿಂದಿ, ಉರ್ದುಗಳ 'ಕಲ್' ಎಂದರೆ ನಿನ್ನೆಯೂ ಹೌದು, ನಾಳೆಯೂ ಹೌದು. ಹೀಗಾಗಿ ತಂಡದಲ್ಲಿ ಕೆಲಸ ಹಂಚುವಾಗ 'ನಾಳೆ' ಎನ್ನುವ ಬದಲು ತಾರೀಖು ಬರೆದಿಡುವುದು ಲೇಸು.

ಹತ್ತಿರದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿಯನ್ನು ಇಲ್ಲಿ ತಡೆದು ರೇಣುಕಾಸಾಗರ ಮಾಡಿದ್ದಾರೆ. ಜಲಾಶಯದ ಗರಿಷ್ಠ ಮಟ್ಟ 2079.5 ಅಡಿ, ಸಂಗ್ರಹ ಸುಮಾರು 37.73 ಟಿಎಂಸಿ ಅಡಿ. ಈ ಅಂಕಿಗಳನ್ನು ಟಿಪ್ಪಣಿ ಪುಸ್ತಕಕ್ಕೆ ಇಳಿಸಿಕೊಂಡರೆ ಅರ್ಧ ಕೆಲಸವಾಯಿತು. ಉಳಿದರ್ಧ ರಾಮದುರ್ಗದಲ್ಲಿದೆ.

ರಾಮದುರ್ಗದ ಹೊಳೆ, ಮಗ್ಗ

ರಾಮದುರ್ಗ ಇದೇ ನದಿಯ ಕೆಳದಂಡೆಯ ಊರು. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ, ಜಲಾಶಯದಿಂದ ಹರಿಸಿದ ನೀರು ಸೇರಿ ಊರಿನ ತಗ್ಗು ಭಾಗಗಳಿಗೆ ನುಗ್ಗಿತು. ಅಣೆಕಟ್ಟಿನಿಂದ ಬಿಡುವ ನೀರನ್ನು 'ಕ್ಯುಸೆಕ್'ನಲ್ಲಿ ಹೇಳುತ್ತಾರೆ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28.3 ಲೀಟರ್. ಹತ್ತು ಸಾವಿರ ಕ್ಯುಸೆಕ್ ಎಂದರೆ ಸೆಕೆಂಡಿಗೆ 2 ಲಕ್ಷ 83 ಸಾವಿರ ಲೀಟರ್. ಇದು ಎಂಜಿನಿಯರಿಗೆ ಅರ್ಥವಾದೀತು. ಹೊಳೆದಂಡೆಯ ಅಜ್ಜಿಗೆ ಬೇಕಾದ್ದು ಬೇರೆ: 'ನೀರು ನಮ್ಮ ಕಟ್ಟೆಗೆ ಬರತದೋ ಇಲ್ಲೋ? ದನ ಬಿಚ್ಚಲೋ ಬೇಡೋ?' ಅಂಕಿಯನ್ನು ಆಕೆಯ ಪ್ರಶ್ನೆಗೆ ಉತ್ತರವಾಗಿಸುವುದೇ ನಿಜವಾದ ಅನುವಾದ. ಕನ್ನಡ, ಮರಾಠಿ, ಉರ್ದು ಬಲ್ಲ ಮಕ್ಕಳ ತಂಡವೊಂದು ಇಂಥ ಎಚ್ಚರಿಕೆಯ ಫಲಕವನ್ನು ಮೂರೂ ಭಾಷೆಗಳಲ್ಲಿ ಬರೆದು ನೋಡಬೇಕು. ಉರ್ದು ಅಕ್ಷರ ಬಲದಿಂದ ಎಡಕ್ಕೆ ಸಾಗಿದರೂ ಅದರೊಳಗಿನ ಅಂಕಿ ಎಡದಿಂದ ಬಲಕ್ಕೇ ಸಾಗುತ್ತದೆಂಬ ಸೋಜಿಗ ಆಗ ಕಣ್ಣಿಗೆ ಬೀಳುತ್ತದೆ.

1948ರವರೆಗೆ ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿತ್ತು. ಅರಮನೆಯ ಮನೆಮಾತು ಮರಾಠಿ, ಪ್ರಜೆಗಳದು ಕನ್ನಡ. 1939ರ ಏಪ್ರಿಲಿನಲ್ಲಿ ಪ್ರಜೆಗಳ ಅಸಮಾಧಾನ ಗಲಭೆಯಾಗಿ ಸಿಡಿದು ಪ್ರಾಣಹಾನಿಯಾಯಿತು. ಅದರ ಬೇರು ಭಾಷೆಯಲ್ಲ, ತೆರಿಗೆ ಮತ್ತು ಆಡಳಿತ. ಆದರೂ ಕೇಳುವ ಕಿವಿ ಇಲ್ಲದಿದ್ದರೆ ಏನಾಗುತ್ತದೆಂಬುದಕ್ಕೆ ಅದು ಸಾಕ್ಷಿ.

ರಾಮದುರ್ಗ ನೇಕಾರರ ಊರೂ ಹೌದು. ಒಬ್ಬರು ನೂಲು ಸುತ್ತುತ್ತಾರೆ, ಒಬ್ಬರು ಹಾಸು ಹೂಡುತ್ತಾರೆ, ಒಬ್ಬರು ನೇಯುತ್ತಾರೆ. ಎಳೆ ಕಡಿದರೆ ಮಗ್ಗ ನಿಲ್ಲಿಸಿ, ಗಂಟು ಹಾಕಿ, ಆಮೇಲೆಯೇ ಮುಂದಿನ ಕೆಲಸ. ಅರ್ಥವಾಗದ ಗೆಳೆಯನಿಗಾಗಿ ಐದು ನಿಮಿಷ ನಿಲ್ಲುವ ತಂಡ ಮಾಡುವುದೂ ಇದನ್ನೇ.

ಹೊರಡುವ ಮುನ್ನ

ಮಳೆಗಾಲ ಮುಗಿದು ಚಳಿ ಬೀಳುವ ಹೊತ್ತು ಈ ಪ್ರವಾಸಕ್ಕೆ ಹಿತ. ಹುಣ್ಣಿಮೆಯ ಜಾತ್ರೆಯ ದಿನಗಳಲ್ಲಿ ಗುಡ್ಡದ ಮೇಲೆ ನೂಕುನುಗ್ಗಲು, ಮಕ್ಕಳ ತಂಡಕ್ಕೆ ಆ ದಿನಗಳು ಬೇಡ. ಕಡಕ್ ರೊಟ್ಟಿ, ಶೇಂಗಾ ಹಿಂಡಿಯ ಬುತ್ತಿಯನ್ನು ಎಲ್ಲರ ನಡುವೆ ಬಿಚ್ಚಬೇಕು. ಬರೆಯುವ ಕೆಲಸವನ್ನು ಪ್ರತಿ ಊರಿನಲ್ಲೂ ಬೇರೆಯವರಿಗೆ ಕೊಡಬೇಕು. ವರದಿಯಲ್ಲಿ ಪ್ರತಿ ಅಳತೆಯ ಮುಂದೆ ಅಳೆದವರ ಹೆಸರಿರಲಿ.

ಮಕ್ಕಳು ಮನೆಗೆ ಮರಳಿದಾಗ ತಂದೆತಾಯಂದಿರು 'ಏನೇನು ನೋಡಿದಿ?' ಎಂದು ಕೇಳುವುದು ವಾಡಿಕೆ. 'ಯಾರ ಕೂಡ ಕೆಲಸ ಮಾಡಿದಿ? ಅವರ ಮಾತಿನಾಗ ಏನು ಕಲತಿ?' ಎಂದೂ ಒಮ್ಮೆ ಕೇಳಲಿ.