ಅಪ್ಪಯ್ಯನ ಲೋಟ

ನಮ್ಮ ಮಾಟುಂಗದ ಮನೆಯ ಅಡುಗೆಕೋಣೆಯಲ್ಲಿ ಹನ್ನೆರಡು ಸ್ಟೀಲ್ ಲೋಟಗಳಿವೆ. ಒಂದರ ಅಂಚು ನೆಗ್ಗಿದೆ. ತಳದಲ್ಲಿ ಮೊಳೆಯಿಂದ ಗೀಚಿದ ಗುರುತಿದೆ. ಹಳೆಯ ಪಾತ್ರೆ ಮಾರುವಾಗಲೆಲ್ಲ ನನ್ನ ಶ್ರೀಮತಿ ಅದನ್ನು ಕೈಗೆತ್ತಿಕೊಳ್ಳುತ್ತಾಳೆ, ನಾನು ಬೇಡವೆನ್ನುತ್ತೇನೆ.

1993ರ ಮಳೆಗಾಲದಲ್ಲಿ ಅಪ್ಪಯ್ಯನಿಗೆ ಕ್ಷಯವೆಂದು ಗೊತ್ತಾಯಿತು. ಕುಂದಾಪುರದ ಕಡೆಯಿಂದ ಬಂದು ಹೋಟೆಲೊಂದರ ಗಲ್ಲದಲ್ಲಿ ಕೂರುತ್ತಿದ್ದವರು. ಕೆಮ್ಮುವವನನ್ನು ಗಲ್ಲದಲ್ಲಿ ಯಾರು ಕೂರಿಸಿಕೊಳ್ಳುತ್ತಾರೆ? ಕೆಲಸ ಹೋಯಿತು. ಅಂದು ಸಂಜೆ ಅವರೇ ಮೊಳೆ ಹಿಡಿದು ತಮ್ಮ ಲೋಟಕ್ಕೆ ಗುರುತು ಹಾಕಿದರು. "ಮಕ್ಕಳ್ ಇದನ್ನ್ ಮುಟ್ಟೂಕಾಗ" ಎಂದರು.

ಆರು ತಿಂಗಳ ಮಾತ್ರೆ. ರಿಫಾಂಪಿಸಿನ್ ನುಂಗಿ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಅಪ್ಪಯ್ಯ ಗಾಬರಿಯಾದರು. ಅದು ಔಷಧದ್ದೇ ಬಣ್ಣವೆಂದು ಡಾಕ್ಟರು ಸಮಾಧಾನ ಹೇಳಿದರು. ಅಮ್ಮ ಎರಡು ಬಳೆ ಮಾರಿದಳು, ಒಂದು ದಿನವೂ ಮಾತ್ರೆ ತಪ್ಪಿಸಲಿಲ್ಲ. ನೆರೆಯವರು ಕೇಳಿದರೆ "ದಮ್ಮು" ಎನ್ನುತ್ತಿದ್ದಳು.

ಮುಂದೆ ಬಿ.ಎಸ್‌ಸಿ. ಓದುವಾಗ ನನಗೆ ತಿಳಿಯಿತು: ಕ್ಷಯದ ರೋಗಾಣು ಹರಡುವುದು ಗಾಳಿಯಿಂದ, ಲೋಟ ತಟ್ಟೆಗಳಿಂದಲ್ಲ. 1956ರಲ್ಲಿ ಮದರಾಸಿನಲ್ಲಿ ಆರಂಭವಾದ ಅಧ್ಯಯನವೊಂದರಲ್ಲಿ ಕೆಲವು ರೋಗಿಗಳಿಗೆ ಸ್ಯಾನಟೋರಿಯಮ್ಮಿನಲ್ಲಿ, ಉಳಿದವರಿಗೆ ಅವರ ಇಕ್ಕಟ್ಟಿನ ಮನೆಗಳಲ್ಲೇ ಔಷಧ ಕೊಟ್ಟರು. ಎರಡೂ ಕಡೆ ಗುಣವಾದವರ ಪ್ರಮಾಣ ಹೆಚ್ಚುಕಡಿಮೆ ಸಮ. ಮನೆಯಲ್ಲಿದ್ದ ರೋಗಿಗಳಿಂದ ಮನೆಮಂದಿಗೆ ಹೆಚ್ಚಿನ ಅಪಾಯವೂ ಆಗಲಿಲ್ಲ. ಚಿಕಿತ್ಸೆಯ ಫಲಿತಾಂಶ 1959ರಲ್ಲೇ ಪ್ರಕಟವಾಯಿತು. ಆ ಸುದ್ದಿ ಮದರಾಸಿನಿಂದ ನಮ್ಮ ಕೋಣೆಗೆ ಬರಲು ಮೂವತ್ತನಾಲ್ಕು ವರ್ಷವೂ ಸಾಲಲಿಲ್ಲ!

ಗುಣವಾದ ದಿನ ಅಮ್ಮ ಆ ಲೋಟವನ್ನು ಉಳಿದವುಗಳ ಜೊತೆ ಬೋರಲು ಹಾಕಿದಳು. ಅಪ್ಪಯ್ಯ ಹುಡುಕಿ ತೆಗೆದು ಅದರಲ್ಲೇ ಕಾಫಿ ಕುಡಿದರು. 2011ರಲ್ಲಿ ಹೃದಯಾಘಾತದಿಂದ ತೀರಿಕೊಳ್ಳುವವರೆಗೂ ಹಾಗೆಯೇ. ನಮ್ಮ ಮೇಲಿನ ಮಮತೆಯಿಂದಲೇ ಅವರು ತಮ್ಮನ್ನು ಬೇರೆ ಮಾಡಿಕೊಂಡರು. ಅದನ್ನು ಮರೆಯಬಾರದೆಂದೇ ಲೋಟವನ್ನು ಇಟ್ಟುಕೊಂಡಿದ್ದೇನೆ.

ಈಗ ಸರಕಾರಿ ಚಿಕಿತ್ಸೆ ಉಚಿತ. ರೋಗಿಯ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದರು. 2024ರ ನವೆಂಬರಿನಿಂದ ಅದು 1000 ಆಗಿದೆ. ಆದರೂ ಕಳೆದ ವರ್ಷ, ಚಿಕಿತ್ಸೆ ಮುಗಿಸಿ ಕೆಲಸಕ್ಕೆ ಮರಳಿದ ಪರಿಚಯದ ಹುಡುಗನೊಬ್ಬನಿಗೆ ಸಹೋದ್ಯೋಗಿಗಳು ಕಾಗದದ ಕಪ್ಪಿನಲ್ಲಿ ಚಹಾ ಕೊಟ್ಟರು. ತಾವು ಮಾತ್ರ ಗಾಜಿನ ಗ್ಲಾಸಿನಲ್ಲಿ ಕುಡಿದರು. ಅವನು ಏನೂ ಹೇಳದೆ ಕುಡಿದನಂತೆ.

ವಾಚಕರಲ್ಲಿ ನನ್ನ ವಿನಂತಿ ಇಷ್ಟೆ. ನಿಮ್ಮ ಕಟ್ಟಡದಲ್ಲಿ ಯಾರಾದರೂ ಎರಡು ವಾರಕ್ಕೂ ಮೀರಿ ಕೆಮ್ಮುತ್ತಿದ್ದರೆ ಕಫ ಪರೀಕ್ಷೆಗೆ ಕರೆದೊಯ್ಯಿರಿ. ಕಿಟಕಿ ತೆರೆದಿಡಿ. ಮಾತ್ರೆ ತಪ್ಪದಂತೆ ನೋಡಿಕೊಳ್ಳಿ. ಲೋಟ ಮಾತ್ರ ಬೇರೆ ಮಾಡಬೇಡಿ.