ರೆಕಾರ್ಡರ್ ಆಫ್ ಆದ ಮೇಲೆ

ನ್ಯಾಶ್‌ವಿಲ್‌ನಲ್ಲಿ ಕೆಲಸಕ್ಕಿದ್ದಾಗ ಕ್ರಿಶ್ಚಿಯನ್ ರಾಕ್ ಬಗ್ಗೆ ಬರೆಯೋ ಹುಚ್ಚು ಹತ್ತಿತ್ತು. ಅಮ್ಮನ ದಾಸರ ಪದ ಕೇಳ್ತಾ ಬೆಳೆದವನಿಗೆ ದೇವರ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್ ಅಂದ್ರೆ ಕುತೂಹಲ. 1969ರಲ್ಲಿ ಲ್ಯಾರಿ ನಾರ್ಮನ್ 'ಅಪಾನ್ ದಿಸ್ ರಾಕ್' ತಂದಾಗಿನಿಂದಲೂ ಇದೇ ಪಾಡು: ಚರ್ಚಿನವರಿಗೆ ರಾಕ್ ಜಾಸ್ತಿ, ರಾಕ್‌ನವರಿಗೆ ಚರ್ಚ್ ಜಾಸ್ತಿ.

ಲೇಬಲ್ ಕಂಪನಿಯವರೊಬ್ಬರು 1991ರ ಕತೆ ಹೇಳಿದ್ರು. ಏಮಿ ಗ್ರಾಂಟ್ ಹಾಡಿದ 'ಬೇಬಿ ಬೇಬಿ' ಬಿಲ್‌ಬೋರ್ಡ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಇದರಲ್ಲಿ ದೇವರೆಲ್ಲಿ ಅಂತ ಕೆಲವು ಅಭಿಮಾನಿಗಳೇ ಮುನಿಸಿಕೊಂಡರು. ನಮ್ಮಲ್ಲಿ ಜನ ಹಾಡಿನ ಜೊತೆಗೆ ಹಾಡೋರ ನಡತೆಯನ್ನೂ ಕೊಳ್ತಾರೆ ಅಂದ್ರು.

ಆಮೇಲೆ ಒಬ್ಬ ಗಿಟಾರಿಸ್ಟ್ ಸಿಕ್ಕ. ಒಂದು ಗಂಟೆ ವಿಶ್ವಾಸದ ಬಗ್ಗೆ ಚೆಂದವಾಗಿ ಮಾತಾಡಿದ. ರೆಕಾರ್ಡರ್ ಆಫ್ ಮಾಡಿದ ಮೇಲೆ ಮೆಲ್ಲಗೆ ಅಂದ: "ಎರಡು ವರ್ಷದಿಂದ ಪ್ರಾರ್ಥನೆ ಮಾಡಕ್ಕೇ ಆಗ್ತಿಲ್ಲ. ಬಾಯಿಬಿಟ್ರೆ ಬ್ಯಾಂಡಿನ ನಾಲ್ಕು ಸಂಸಾರದ ಅನ್ನ ಹೋಗುತ್ತೆ."

ಇಡೀ ಲೇಖನಕ್ಕೆ ಅದಕ್ಕಿಂತ ಒಳ್ಳೆ ಮಾತು ನನ್ನ ಹತ್ತಿರ ಇರಲಿಲ್ಲ. ಆದ್ರೂ ಬರೀಲಿಲ್ಲ.

ಆ ರಾತ್ರಿ ಅಮ್ಮನಿಗೆ ಫೋನ್ ಮಾಡಿ, "ಮನಸ್ಸಿಲ್ಲದ ದಿನ ಏನ್ಮಾಡ್ತೀಯ?" ಅಂದೆ.

"ಹಾಡಲ್ಲ ಕಣೋ. ಯಾರು ಕೇಳ್ತಾರೆ?"

ಕಳೆದ ತಿಂಗಳು ಅವನ ಮೆಸೇಜ್ ಬಂತು: ಬ್ಯಾಂಡ್ ಬಿಟ್ಟೆ, ಈಗ ಬರಿ, ಹೆಸರು ಮಾತ್ರ ಬೇಡ. ಅದಕ್ಕೇ ಬರೆದೆ.