ತುಂಗೆಯ ತೀರದಲ್ಲಿ ಕಂಡ ಚಂದ್ರ

ನರಸಿಂಹರಾಜಪುರದ ಬಳಿ ಭದ್ರೆಯ ಹಿನ್ನೀರನ್ನು ಕಣ್ತುಂಬ ನೋಡಿ ನಾವು ಕೊಪ್ಪದ ಹಾದಿ ಹಿಡಿದಾಗ ಹೊತ್ತು ಇಳಿದಿತ್ತು. ಕೊಪ್ಪ ದಾಟಿದ ಮೇಲೆ ರಸ್ತೆ ಒಂದು ಗುಡ್ಡದ ಹೆಗಲೇರಿ ಇನ್ನೊಂದರ ಮಡಿಲಿಗಿಳಿಯುತ್ತದೆ; ಒಂದೆಡೆ ಅಡಿಕೆಯ ತೋಟ, ಇನ್ನೊಂದೆಡೆ ಕಡಿದು ನಿಲ್ಲಿಸಿದ ಕೆಂಪು ಧರೆ. ಶೃಂಗೇರಿ ಸೇರುವಷ್ಟರಲ್ಲಿ ಮಾರ್ಗಶಿರದ ಹುಣ್ಣಿಮೆಯ ಚಂದ್ರ ಮರಗಳ ಮೇಲೆ ಬಂದಿದ್ದ.

ಆ ರಾತ್ರಿ ನಮಗೆ ಆತಿಥ್ಯವಿತ್ತ ತೋಟದ ಯಜಮಾನರ ಮನೆಯ ಹಿಂದೆ, ಹೋದ ಮಳೆಗಾಲದಲ್ಲಿ ಧರೆ ಕುಸಿದು ಕೊಟ್ಟಿಗೆಯ ಗೋಡೆಯನ್ನು ಕೆಡವಿತ್ತಂತೆ. ದನಗಳು ಉಳಿದವು. ಮುಂದಿನ ಮಳೆಗೆ ಮನೆಯ ಗತಿಯೇನೆಂಬ ಚಿಂತೆ ಅವರದು. ಅಂಗಳದಲ್ಲಿ ಕುಳಿತು ಮೇಲೆ ನೋಡುತ್ತ, “ಅಲ್ಲಿಯಾದರೂ ಧರೆ ಕುಸಿಯುವ ಭಯವಿಲ್ಲ, ಅಲ್ಲವೆ ರಾಯರೇ?” ಎಂದರು.

ಇದೆ ಎನ್ನಬೇಕಾಯಿತು. ಚಂದ್ರನ ಒಡಲು ಇನ್ನೂ ಆರುತ್ತಿದೆ, ಆರಿದಂತೆ ಕುಗ್ಗುತ್ತಿದೆ. ಕೆಲವು ನೂರು ದಶಲಕ್ಷ ವರ್ಷಗಳಲ್ಲಿ ಅದರ ತ್ರಿಜ್ಯ ಸುಮಾರು 50 ಮೀಟರಿನಷ್ಟು ಕಡಿಮೆಯಾಗಿದೆಯೆಂದು ವಿಜ್ಞಾನಿಗಳ ಲೆಕ್ಕ. ಪಕ್ಕದ ಅಟ್ಟದ ಮೇಲೆ ಬೇಯಿಸಿದ ಅಡಿಕೆ ಒಣಗುತ್ತಿತ್ತು. ಅದು ಒಣಗಿದರೆ ಸುಕ್ಕುಗಟ್ಟುತ್ತದೆ. ಚಂದ್ರನ ತೊಗಟೆ ಪೆಡಸು, ಬಿರುಕು ಬಿಟ್ಟು ಒಂದು ಹೋಳು ಇನ್ನೊಂದರ ಮೇಲೇರುತ್ತದೆ. ಹಾಗೆ ಎದ್ದ ದಿಬ್ಬಗಳು ಅಲ್ಲಿ ಸಾವಿರಾರು. 1972ರ ಡಿಸೆಂಬರಿನಲ್ಲಿ ಅಪೊಲೊ 17ರ ಸೆರ್ನಾನ್ ಮತ್ತು ಸ್ಮಿಟ್ ಅಂತಹ ಒಂದು ದಿಬ್ಬವನ್ನು ಬಂಡಿಯಲ್ಲಿ ಓರೆಯಾಗಿ ತಿರುಗಿ ತಿರುಗಿ ಹತ್ತಿದರು. ಸ್ಮಿಟ್ ಭೂವಿಜ್ಞಾನಿಯೇ. ಆ ಕಣಿವೆಗೆ ಉರುಳಿ ಬಂದ ಬಂಡೆಗಳ ಜಾಡು ಇಂದಿಗೂ ಅಳಿದಿಲ್ಲ. ಅಳಿಸಲು ಅಲ್ಲಿ ಮಳೆಯೆಲ್ಲಿದೆ?

“ಉರುಳಿಸಿದವರು ಯಾರು?”

ಚಂದ್ರಕಂಪ. ಅಪೊಲೊ ಯಾತ್ರಿಕರು ಇಟ್ಟುಬಂದ ಉಪಕರಣಗಳು 1977ರವರೆಗೆ ಅವನ್ನು ದಾಖಲಿಸಿದವು; ಕೆಲವು ಹತ್ತು ನಿಮಿಷಕ್ಕೂ ಮಿಕ್ಕಿ ನಡುಗಿಸಿದ್ದವು. ಒಣಗಿದ, ಬಿರುಕುಬಿಟ್ಟ ಕಲ್ಲಿನಲ್ಲಿ ಕಂಪನ ಬೇಗ ಅಡಗುವುದಿಲ್ಲ. ನಮ್ಮವರದೂ ಒಂದು ಕಿವಿ ಅಲ್ಲಿತ್ತು. 2023ರ ಆಗಸ್ಟ್ 23ರಂದು ದಕ್ಷಿಣ ಧ್ರುವದ ಕಡೆಯಲ್ಲಿಳಿದ ಚಂದ್ರಯಾನ–3ರ ವಿಕ್ರಮ್ ನೌಕೆಯಲ್ಲಿ ಬೆಂಗಳೂರಿನಲ್ಲಿ ರೂಪುಗೊಂಡ ಕಂಪನಮಾಪಕವಿತ್ತು. ಮೂರು ದಿನಗಳ ಬಳಿಕ ಸ್ವಾಭಾವಿಕವೆಂದು ತೋರುವ ಒಂದು ಅದುರನ್ನು ಅದು ಕೇಳಿಸಿಕೊಂಡಿತು. ಅಲ್ಲಿ ಮನೆ ಕಟ್ಟುವ ಯೋಚನೆಯುಳ್ಳವರು ಇಂಥ ದಿಬ್ಬಗಳಿಂದ ದೂರವಿರುವುದು ಲೇಸು.

ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. “ನಮ್ಮದು ನಡುಕವಲ್ಲ, ನೀರು,” ಎಂದರು ಕೊನೆಗೆ. ನಿಜ. ನಡುಕವಿಲ್ಲದೆಯೂ ಇಲ್ಲಿಯ ಗುಡ್ಡ ಜಾರುತ್ತದೆ. ಬುಡ ಕಡಿದು, ನೆತ್ತಿಯಲ್ಲಿ ನೀರು ನಿಲ್ಲಬಿಟ್ಟರೆ ಸಾಕು.

ಬೆಳಿಗ್ಗೆ ವಿದ್ಯಾಶಂಕರ ದೇವಾಲಯಕ್ಕೆ ಹೊರಡುವ ಮೊದಲು ಅವರು ನಮ್ಮನ್ನು ಮನೆಯ ಹಿಂದಕ್ಕೆ ಕರೆದೊಯ್ದರು. ಧರೆಯ ಮೇಲ್ಗಡೆ ಹೊಸ ಬಸಿಗಾಲುವೆಯೊಂದು ಅರ್ಧ ತೋಡಿ ನಿಂತಿತ್ತು. ಹಾರೆ ಅಲ್ಲೇ ಒರಗಿತ್ತು.